ಹಣ್ಣೆಲೆ

ಕಿಟಕಿಯ ಕುಂಡದಲ್ಲಿ ಎಲೆಯೊಂದು ಹಳದಿಗೆ ತಿರುಗಿದರೆ ನನ್ನ ಕೈ ಸುಮ್ಮನಿರುವುದಿಲ್ಲ. ಚಿವುಟಿ ಎಸೆದರೇ ಸಮಾಧಾನ. ಗಿಡ ಅಚ್ಚುಕಟ್ಟಾಗಿ ಕಾಣಬೇಕೆಂಬುದು ನೆಪ. ಮುಪ್ಪನ್ನು ದಿನವೂ ಕಣ್ಣೆದುರಿಗೆ ಇಟ್ಟುಕೊಳ್ಳಲಾರದ ಪುಕ್ಕಲುತನವೇ ಅಸಲು ಕಾರಣವಿರಬೇಕು. ಆ ಎಲೆಯ ಒಳಗೆ ಏನು ನಡೆಯುತ್ತಿರುತ್ತದೆ ಎಂದು ತಿಳಿದ ಮೇಲೆ ಮಾತ್ರ, ನಾನು ಮಾಡುತ್ತಿದ್ದುದು ಗಂಟುಕಳ್ಳತನವೆಂದು ಹೊಳೆಯಿತು.

ಎಲೆಯಲ್ಲಿರುವ ಸಾರಜನಕದ ಸುಮಾರು ಮುಕ್ಕಾಲು ಪಾಲು ಅದರ ಹಸಿರು ಕಣಗಳಾದ ಕ್ಲೋರೋಪ್ಲಾಸ್ಟ್‌ಗಳಲ್ಲಿದೆ. ಮುಪ್ಪು ಬಂದಾಗ ಜೀವಕೋಶ ಮೊದಲು ಕೈಹಾಕುವುದು ಆ ಗಂಟಿಗೇ. ಬಿಸಿಲನ್ನು ಸಕ್ಕರೆಯಾಗಿಸುತ್ತಿದ್ದ ಪ್ರೋಟೀನುಗಳನ್ನು ಅಮೈನೋ ಆಮ್ಲಗಳಾಗಿ ಬಿಚ್ಚಿ, ನರಗಳ ಮೂಲಕ ಚಿಗುರಿಗೋ ಬೀಜಕ್ಕೋ ಸಾಗಿಸುತ್ತದೆ. ರಂಜಕ, ಪೊಟ್ಯಾಸಿಯಂ ಕೂಡ ಹೊರಡುತ್ತವೆ. ಕ್ಯಾಲ್ಸಿಯಂ ಮಾತ್ರ ಕೂತ ಜಾಗ ಬಿಡುವುದಿಲ್ಲ. ಎಲ್ಲ ಮನೆಗಳಲ್ಲೂ ಅಂಥದೊಂದು ಮಂಚ ಇರುತ್ತದೆ.

ಎಲೆಗೆ ಹಸಿರು ಕೊಡುವ ಪತ್ರಹರಿತ್ತಿನದು ಇನ್ನೊಂದು ಕಥೆ. ಪ್ರೋಟೀನಿನ ಹಿಡಿತ ತಪ್ಪಿ ಒಂಟಿಯಾಗಿ ಬಿಸಿಲಿಗೆ ಸಿಕ್ಕರೆ ಅದು ಕೋಶವನ್ನೇ ಸುಟ್ಟೀತು. ಹಾಗಾಗಿ ಅದನ್ನು ಹಂತಹಂತವಾಗಿ ಮುರಿದು, ಬಣ್ಣಗೆಡಿಸಿ, ಕೋಶದೊಳಗಿನ ರಸದ ಚೀಲವಾದ ರಸದಾನಿಯೊಳಗೆ ತುಂಬಿಡಲಾಗುತ್ತದೆ. ಹಸಿರು ಸರಿದಾಗ ಕಾಣುವ ಹಳದಿ ಹೊಸದಲ್ಲ, ಮೊದಲಿನಿಂದಲೂ ಮರೆಯಲ್ಲಿದ್ದ ಕೆರೋಟಿನಾಯ್ಡು ಎಂಬ ಬಣ್ಣಗಳದು. ಕೆಲವು ಮರಗಳ ಕೆಂಪು ಮಾತ್ರ ಆಗಲೇ ತಯಾರಾದದ್ದು. ಹೊರಡುವ ಹೊತ್ತಿನಲ್ಲಿ ಈ ಸಿಂಗಾರವೇಕೆ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ.

ನನಗೆ ಬೆರಗೆನಿಸುವುದು ಈ ಕೆಲಸದ ಕ್ರಮ. ಹಳದಿ ಸಾಮಾನ್ಯವಾಗಿ ತುದಿಯಿಂದ, ಅಂಚಿನಿಂದ ಶುರುವಾಗುತ್ತದೆ. ನರಗಳ ಅಕ್ಕಪಕ್ಕ ಹಸಿರು ಕೊನೆಯವರೆಗೂ ಉಳಿಯುತ್ತದೆ. ಸಾಮಾನು ಸಾಗುವ ದಾರಿಯನ್ನು ಮೊದಲೇ ಕೆಡವಿದರೆ ಆಗುತ್ತದೆಯೇ? ಕೋಶದೊಳಗೂ ಹಾಗೆಯೇ. ಆದೇಶ ಕೊಡುವ ನ್ಯೂಕ್ಲಿಯಸ್, ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಬಹಳ ತಡವಾಗಿ ಬಾಗಿಲು ಹಾಕುತ್ತವೆ. ಕಡೆಗೆ ರಸದಾನಿ ಒಡೆದು ಅದರ ಕಿಣ್ವಗಳು ಉಳಿದದ್ದನ್ನೂ ಕರಗಿಸಿದ ಮೇಲೆ ಹಿಂದಿರುಗುವ ಮಾತಿಲ್ಲ.

ಅದಕ್ಕೆ ಮುಂಚೆಯಾದರೆ ಹಿಂದಿರುಗುವ ದಾರಿ ಇದೆ. ಹೊಗೆಸೊಪ್ಪಿನ ಗಿಡದಲ್ಲಿ ಹಳದಿಯಾದ ಬುಡದೆಲೆಯ ಮೇಲಿನ ಕಾಂಡವನ್ನು ಕತ್ತರಿಸಿದರೆ, ಆ ಮುದಿ ಎಲೆ ಮತ್ತೆ ಹಸಿರಾಗಬಲ್ಲದು. ಕೇಳುವ ಚಿಗುರುಗಳಿಲ್ಲದ ಮೇಲೆ ಕೊಡುವ ಅವಸರವೇನು!

ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತು ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ನಗುವ ಆ ಬಾಯಿಯ ತುಂಬ ಹಣ್ಣೆಲೆ ಕಳುಹಿಸಿದ ತುತ್ತೇ ಇದೆಯೆಂದು ಗಾದೆ ಹೇಳಿರಲಿಲ್ಲ. ಆದರೂ ಕೊಳೆತ ಎಲೆ, ಸತ್ತ ಎಲೆ ಎನ್ನದೆ ಹಣ್ಣೆಲೆ ಎಂದು ಹೆಸರಿಟ್ಟವರು ಸೂಕ್ಷ್ಮದರ್ಶಕವಿಲ್ಲದೆಯೇ ಏನನ್ನೋ ಕಂಡಿದ್ದರು.

ಈ ವಾರ ಮತ್ತೊಂದು ಎಲೆ ಹಣ್ಣಾಗಿತ್ತು. ಕೈ ಚಾಚಿದವನು ಹತ್ತಿರದಿಂದ ನೋಡಿದೆ: ನಡುನರ ಇನ್ನೂ ಹಸಿರಾಗಿತ್ತು. ಕೈ ಹಿಂದಕ್ಕೆ ಬಂತು. ನಾಲ್ಕು ದಿನ ಬಿಟ್ಟು ನೀರು ಹಾಕುವಾಗ, ಬೆರಳು ತಾಗಿದ್ದಷ್ಟೇ, ಕಳಚಿಕೊಂಡಿತು. ತೊಟ್ಟು ಇದ್ದಲ್ಲಿ ಗಾಯವಿರಲಿಲ್ಲ. ಮೊದಲೇ ಮುಚ್ಚಿಟ್ಟ ಪುಟ್ಟದೊಂದು ಗುರುತಿತ್ತು.