ಕೊಕೊಡಾ ದಾರಿಯ ಕೂಲಿ ಲೆಕ್ಕವೂ ನಮ್ಮ ಅಂಕೋಲೆಯೂ

ಪಪುವಾ ನ್ಯೂಗಿನಿಯ ಕೊಕೊಡಾ ದಾರಿ 96 ಕಿಲೋಮೀಟರ್. ರಾಜಧಾನಿ ಪೋರ್ಟ್ ಮೋರ್ಸ್‌ಬಿ ಕಡೆಯ ಓವರ್ಸ್ ಕಾರ್ನರ್‌ನಲ್ಲಿ ಹೊರಟು, ಓವೆನ್ ಸ್ಟ್ಯಾನ್ಲಿ ಬೆಟ್ಟಸಾಲು ಹತ್ತಿಳಿದು, ಎಂಟು ಹತ್ತು ದಿನಕ್ಕೆ ಕೊಕೊಡಾ ಊರು ಮುಟ್ಟಬೇಕು. 1942ರ ಜುಲೈನಿಂದ ನವೆಂಬರ್‌ವರೆಗೆ ಜಪಾನಿನವರೂ ಆಸ್ಟ್ರೇಲಿಯಾದವರೂ ಇಲ್ಲಿ ಕೆಸರು, ಮಲೇರಿಯಾ, ಹಸಿವಿನ ನಡುವೆ ಹೊಡೆದಾಡಿದರು. ನಾನಿರುವ ಬ್ರಿಸ್ಬೇನಿನಲ್ಲಿ ಈ ದಾರಿ ನಡೆಯುವುದೆಂದರೆ ಒಂದು ಬಗೆಯ ತೀರ್ಥಯಾತ್ರೆ. ಉತ್ತರ ಕನ್ನಡದಲ್ಲಿ ಇತಿಹಾಸದ ಹೆಸರಿನ ಚಾರಣ ಮಾಡಿಸಲು ಹೊರಟವರು ಅಲ್ಲಿಂದ ಕಲಿಯಬೇಕಾದ್ದು ಯುದ್ಧದ ಕಥೆ ಹೇಳುವ ಶೈಲಿಯನ್ನಲ್ಲ, ಊರಿಗೆ ದುಡ್ಡು ಮುಟ್ಟಿಸುವ ಕ್ರಮವನ್ನು. ಆ ಕ್ರಮ ಎಲ್ಲಿ ಕೆಡುತ್ತದೆ ಎಂಬುದನ್ನೂ.

ಅಲ್ಲಿ ಹಣ ಮೂರು ದಾರಿಯಲ್ಲಿ ಹೋಗುತ್ತದೆ. ಮೊದಲನೆಯದು ಪರ್ಮಿಟ್ ಶುಲ್ಕ. ಚಾರಣಿಗ ರಾಜಧಾನಿಯಲ್ಲಿ ಕಟ್ಟಿದ್ದು ದಾರಿಯುದ್ದದ ಊರುಗಳಿಗೆ ಹಂಚಿಕೆಯಾಗಬೇಕು. ಎರಡನೆಯದು ತಂಗುವ ಊರಿಗೆ ರಾತ್ರಿಗೆ ತಲೆಗಿಷ್ಟು ಎಂದು ಕೊಡುವ ಬಿಡಾರದ ಬಾಡಿಗೆ. ಮೂರನೆಯದು ಪೋರ್ಟರ್, ಅಂದರೆ ಹೊರೆ ಹೊರುವವನ, ಕೂಲಿ. ಮೂರರಲ್ಲಿ ನಡುವೆ ಹೆಚ್ಚು ಸಿಕ್ಕಿಕೊಳ್ಳುವುದು ಮೊದಲನೆಯದೇ. ಕಚೇರಿಯಲ್ಲಿ ನಿಂತ ಹಣ ಬೆಟ್ಟ ಹತ್ತುವುದಿಲ್ಲ. ಜಮೀನಿನ ಯಜಮಾನರು ಸಿಟ್ಟಾಗಿ ದಾರಿಯನ್ನೇ ಮುಚ್ಚಿದ್ದುಂಟು. ಕೈಯಿಂದ ಕೈಗೆ ದಾಟುವ ಬಾಡಿಗೆ ಮತ್ತು ಕೂಲಿಯಲ್ಲಿ ಈ ರಗಳೆ ಕಡಿಮೆ.

ಪೋರ್ಟರ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹೊರೆಗೆ ಮಿತಿಯಿದೆ: ಅವನ ಸ್ವಂತ ಬಟ್ಟೆ, ಹೊದಿಕೆ, ಅಕ್ಕಿ ಎಲ್ಲ ಸೇರಿ ಸುಮಾರು 22 ಕಿಲೋ. ಹೊರಡುವ ದಿನ ತಕ್ಕಡಿಗೆ ಹಾಕಿದಾಗ ಲೆಕ್ಕ ಸರಿಯಾಗಿಯೇ ಇರುತ್ತದೆ. ಎರಡನೆಯ ದಿನ ಟೆಂಟು ನೆನೆದು ಭಾರವಾಗುತ್ತದೆ, ಸುಸ್ತಾದ ಚಾರಣಿಗ ತನ್ನ ಕ್ಯಾಮೆರಾ ಚೀಲ, ಒದ್ದೆ ಬೂಟು ಎಲ್ಲ ಅವನ ಬೆನ್ನಿಗೇ ಏರಿಸುತ್ತಾನೆ. ಆದ್ದರಿಂದ ತೂಕ ನೋಡಬೇಕಾದ್ದು ದಿನಾ ಬೆಳಿಗ್ಗೆ, ಒಂದೇ ಸಲವಲ್ಲ. ಹತ್ತು ರೂಪಾಯಿ ಉಳಿಸಲು ಹೋಗಿ ಪೋರ್ಟರ್‌ಗೆ ಚಾಪೆ, ಮಳೆಯಂಗಿ ಕೊಡದ ಕಂಪನಿಯವನು ಬೆಟ್ಟದ ನೆತ್ತಿಯ ಚಳಿಯಲ್ಲಿ ಅವನನ್ನು ಜ್ವರಕ್ಕೆ ದೂಡುತ್ತಾನೆ. ಮರುದಿನ ಆ ಹೊರೆ ಉಳಿದವರಿಗೆ ಹಂಚಿಹೋಗುತ್ತದೆ. ಇನ್ನೊಂದು, ಮನೆಗೆ ಮರಳುವ ಭತ್ಯೆ. ದಾರಿ ಮುಗಿದಾಗ ಚಾರಣಿಗ ವಿಮಾನ ಹತ್ತುತ್ತಾನೆ, ಪೋರ್ಟರ್ ತನ್ನೂರಿನಿಂದ ನಾಲ್ಕು ದಿನದ ನಡಿಗೆಯಷ್ಟು ದೂರದಲ್ಲಿ ನಿಂತಿರುತ್ತಾನೆ. ಆ ದಿನಗಳ ಕೂಲಿಯೂ ಊಟವೂ ಮೊದಲೇ ಒಪ್ಪಂದದಲ್ಲಿ ಇರಬೇಕು.

ಊರಿನಲ್ಲಿ ಬಾಳೆಹಣ್ಣು, ಗೆಣಸು, ಕಬ್ಬು ಮಾರಲು ಇಡುತ್ತಾರೆ. ಚಾರಣಿಗರ ಜೇಬಿನಲ್ಲಿ ದೊಡ್ಡ ನೋಟು, ಮಾರುವವರ ಹತ್ತಿರ ಚಿಲ್ಲರೆ ಇಲ್ಲ. ಅಲ್ಲಿಗೆ ವ್ಯಾಪಾರ ಮುರಿಯಿತು. ಒಳ್ಳೆಯ ಗೈಡ್ ಹೊರಡುವ ಮೊದಲೇ ಎಲ್ಲರ ಕೈಯಲ್ಲೂ ಎರಡು, ಐದು ಕೀನಾ (ಅಲ್ಲಿನ ನಾಣ್ಯ) ನೋಟಿನ ಕಟ್ಟು ಇಡಿಸುತ್ತಾನೆ. ದಾರಿಯ ಎಷ್ಟೋ ಊರುಗಳು ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಥದವು, ಅವರಿಗೆ ಶನಿವಾರ ವಿಶ್ರಾಂತಿಯ ದಿನ. ಆ ದಿನ ಅಲ್ಲಿ ಖರೀದಿ ನಡೆಯುತ್ತದೆ ಎಂದುಕೊಂಡು ಊಟದ ಲೆಕ್ಕ ಹಾಕಿದವನು ಬಿಸ್ಕತ್ತಿನಲ್ಲೇ ದಿನ ಕಳೆಯಬೇಕು. ಪೆನ್ನು, ಹಳೆ ಅಂಗಿ ಹಂಚುವುದನ್ನು ನಾನು ಸಹಾಯವೆಂದು ಕರೆಯಲಾರೆ. ಅದರಿಂದ ಮಕ್ಕಳು ಚಾರಣಿಗರ ಹಿಂದೆ ಓಡುವುದನ್ನು ಕಲಿಯುತ್ತಾರೆ, ಅಷ್ಟೆ.

ಈಗ ನಮ್ಮ ಕಡೆಗೆ ಬರೋಣ. ಗೋಕರ್ಣದ ಕಡಲ ಚಾರಣಕ್ಕೆ ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಹೊರಡುವ ಬಸ್ಸಿನಲ್ಲಿ ಟೆಂಟು, ಗೈಡು ಎಲ್ಲ ಅಲ್ಲಿಂದಲೇ ಬರುತ್ತದೆ, ಎಷ್ಟೋ ಸಲ ಅಡುಗೆಯವರೂ. ಊರಿಗೆ ಉಳಿಯುವುದು ನೀರಿನ ಬಾಟಲಿ. ನಡೆಯಲು ಅದಕ್ಕಿಂತ ತೂಕದ ದಾರಿಗಳು ಇಲ್ಲಿವೆ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಕಾಯಿದೆ ಮುರಿದರು. ಆಮೇಲಿನ ಕರಬಂದಿಯಲ್ಲಿ, ಅಂದರೆ ಕಂದಾಯ ಕೊಡದ ಚಳವಳಿಯಲ್ಲಿ, ಅಂಕೋಲೆ, ಸಿದ್ದಾಪುರದ ರೈತರು ಜಮೀನು, ಎತ್ತು, ಪಾತ್ರೆಪಗಡ ಎಲ್ಲ ಕಳೆದುಕೊಂಡರು. ಸಿದ್ದಾಪುರ ಕಡೆ ಜಪ್ತಿ ಮಾಲು ಕೊಂಡವರ ಮನೆಯೆದುರು ಹೆಂಗಸರು ಉಪವಾಸ ಕೂತರು. ಮಾವಿನಗುಂಡಿಯಲ್ಲಿ ಅದರ ಸ್ಮಾರಕವಿದೆ.

ಕಾರವಾರದಲ್ಲಿ ಸೈನ್ಯದ ಕಥೆಯೇ ಬೇಕೆಂದರೆ ಚೆಂಡಿಯಾದ ರಾಮ ರಾಘೋಬಾ ರಾಣೆ ಇದ್ದಾರೆ: ಎರಡನೆಯ ಮಹಾಯುದ್ಧದಲ್ಲಿ ಬರ್ಮಾದಲ್ಲಿದ್ದು, 1948ರ ಏಪ್ರಿಲ್‌ನಲ್ಲಿ ನೌಶೇರಾ–ರಜೌರಿ ರಸ್ತೆಯ ಮೈನು ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿ ಪರಮವೀರಚಕ್ರ ಪಡೆದವರು. ಎದುರಿಗಿನ ಅಂಜದೀವ ದ್ವೀಪದಲ್ಲಿ 1961ರ ಡಿಸೆಂಬರ್‌ನಲ್ಲಿ, ಗೋವಾ ವಿಮೋಚನೆಯ ಹೊತ್ತಿಗೆ, ಪೋರ್ಚುಗೀಸರ ಗುಂಡಿಗೆ ನಮ್ಮ ಏಳು ನಾವಿಕರು ಬಿದ್ದರು. ದ್ವೀಪ ನೌಕಾನೆಲೆಯ ವಶದಲ್ಲಿರುವುದರಿಂದ ದೋಣಿಯವನಿಗೆ ಆಸೆ ತೋರಿಸಿ ಅತ್ತ ಕರೆದೊಯ್ಯುವ ಗೈಡನ್ನು ನಂಬಬೇಡಿ. ಸೀಬರ್ಡ್ ಎಂಬ ಹೆಸರಿನ ಆ ನೆಲೆಯ ಯೋಜನೆಗಾಗಿ ಮನೆ ಬಿಟ್ಟ ನಿರಾಶ್ರಿತರ ಮಾತೂ ಈ ಕಥೆಗೆ ಸೇರಿದ್ದೇ.

ಕಥೆ ಹೇಳುವಾಗ ಅಲ್ಲೂ ಇಲ್ಲೂ ಒಂದೇ ಜಾಗದಲ್ಲಿ ಕಾಲು ಜಾರುತ್ತದೆ. ಗಾಯಾಳುಗಳನ್ನು ಹೊತ್ತ ಪಪುವಾದವರನ್ನು ಆಸ್ಟ್ರೇಲಿಯಾದವರು ದೇವದೂತರು ಎಂದು ಹಾಡುತ್ತಾರೆ. ಅವರಲ್ಲಿ ಬಹಳ ಮಂದಿ ಬಲವಂತದ ಕೂಲಿಗಳಾಗಿದ್ದರು, ಹೊರೆ ಇಳಿಸಿ ಕಾಡಿಗೆ ಓಡಿದವರೂ ಇದ್ದರು ಎನ್ನುವುದು ಹಾಡಿನಲ್ಲಿಲ್ಲ. 1943ರಲ್ಲಿ ಹಿಗಟೂರಿನಲ್ಲಿ, ಜಪಾನಿನವರಿಗೆ ನೆರವಾದರೆಂದು, ಆ ಭಾಗದ ಒರೊಕೈವಾ ಬುಡಕಟ್ಟಿನ ಗಂಡಸರನ್ನು ಆಸ್ಟ್ರೇಲಿಯಾದ ಆಡಳಿತವೇ ಊರವರ ಎದುರು ಗಲ್ಲಿಗೇರಿಸಿತು. ಅವರ ಮೊಮ್ಮಕ್ಕಳು ಕೊಕೊಡಾದ ಆಸುಪಾಸಿನಲ್ಲೇ ಇದ್ದಾರೆ, ಇಂದು ನಿಮ್ಮ ಚೀಲ ಹೊರುವವನು ಅವರಲ್ಲೊಬ್ಬನಿರಬಹುದು. ಅಂಕೋಲೆಯಲ್ಲೂ ಅಷ್ಟೇ. ಜಮೀನು ಕಳೆದುಕೊಂಡವರ ಮನೆಯೂ ಹರಾಜಿನಲ್ಲಿ ಅದನ್ನು ಹಿಡಿದವರ ಮನೆಯೂ ಒಂದೇ ಊರಿನವು. 1937ರ ನಂತರ ಮುಂಬಯಿ ಪ್ರಾಂತದ ಕಾಂಗ್ರೆಸ್ ಸರ್ಕಾರದ ಕಾಲದಲ್ಲಿ ಜಮೀನು ಮರಳಿದರೂ ಮಾತು ಮರಳಿಲ್ಲದ ಮನೆಗಳಿದ್ದಾವು. ಹೊರಗಿನ ಗೈಡ್ ಮೈಕು ಹಿಡಿದು 'ದ್ರೋಹಿಗಳು' ಎಂದು ಮನೆಯತ್ತ ಕೈ ತೋರಿಸಿ ಬೆಂಗಳೂರಿಗೆ ಹೋಗಿಬಿಡುತ್ತಾನೆ. ಆ ಮಾತು ಊರಿನಲ್ಲಿ ಉಳಿಯುತ್ತದೆ. ಘಟನೆ, ವರ್ಷ, ಊರು ಹೇಳಿ, ಮನೆತನದ ಹೆಸರು ಬೇಡ. ಹೇಳಬೇಕೆಂದಿದ್ದರೆ ಆ ಮನೆಯವರೇ ಹೇಳಲಿ, ಅವರು ಕೂತು ಮಾತಾಡಿದ ಹೊತ್ತಿಗೂ ದುಡ್ಡು ಕೊಡಿ.

ಕೆಲಸದ ಆಳು ಸಿಗುವುದೇ ನಮ್ಮಲ್ಲಿ ದೊಡ್ಡ ತೊಡಕು. ನಡೆಯಲು ಹಿತವಾದ ತಿಂಗಳು ನವೆಂಬರ್‌ನಿಂದ ಫೆಬ್ರವರಿ. ಶಿರಸಿ, ಸಿದ್ದಾಪುರದಲ್ಲಿ ಅಡಿಕೆ ಕೊನೆಕೊಯ್ಲೂ ಆಗಲೇ. ಕೊನೆಗೌಡನ (ಮರ ಹತ್ತಿ ಅಡಿಕೆ ಗೊನೆ ಇಳಿಸುವವನ) ದಿನಗೂಲಿ ಬಿಟ್ಟು ಯಾರೂ ನಿಮ್ಮ ಚೀಲ ಹೊರಲು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಕೊಯ್ಲಿಗೆ ಹೋಗದ ವಯಸ್ಸಾದವರನ್ನು ಕಥೆಗೂ ಮನೆಯ ಹೆಂಗಸರನ್ನು ಊಟಕ್ಕೂ ಹಿಡಿಯುವುದು ಜಾಣತನ. ಕರಾವಳಿಯಲ್ಲಿ ಇದು ಉಲ್ಟಾ: ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ, ಆಗ ಆಳುಗಳಿಗೆ ಬಿಡುವು, ಆದರೆ ಮಳೆ ಹೊಡೆಯುತ್ತಿರುತ್ತದೆ.

ತಂಡ ಹದಿನೈದಕ್ಕೆ ನಿಲ್ಲಲಿ. ಆರು ಮಂದಿಗೆ ಊರಿನವರೊಬ್ಬರು, ಒಬ್ಬರು ಮುಂದೆ, ಒಬ್ಬರು ಕಟ್ಟಕಡೆಗೆ. ಕಾಡಿನ ಭಾಗಕ್ಕೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಕೈಯಲ್ಲಿರಬೇಕು. ಊಟ ಊರಿನದೇ: ಕುಚಲಕ್ಕಿ ಗಂಜಿ, ತಂಬುಳಿ, ಮೀನು ತಿನ್ನುವವರಿಗೆ ಬಳಚು (ಚಿಪ್ಪುಮೀನು). ಬಿಸಿಲಿಗೆ ಮುರುಗಲ (ಕೋಕಂ) ಶರಬತ್ತು ಸಾಕು. ಮೂರು ದಿನ ಮೊದಲು ಸಂಖ್ಯೆ ತಿಳಿಸಿ, ಅರ್ಧ ಹಣ ಮುಂಗಡ ಕೊಡಿ. ಬರುವವರು ಕಡಿಮೆಯಾದರೂ ಹೇಳಿದಷ್ಟೇ ಎಲೆಗೆ ದುಡ್ಡು. ನೆಟ್‌ವರ್ಕ್ ಇಲ್ಲದಲ್ಲಿ ಫೋನ್‌ಪೇ ನಡೆಯದು, ಹತ್ತು, ಇಪ್ಪತ್ತು, ಐವತ್ತರ ನೋಟು ಇರಲಿ.

ಉಪ್ಪಿನ ಕಥೆ ಹೇಳಲು ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಆಗರಕ್ಕಿಂತ (ಉಪ್ಪಿನ ಗದ್ದೆಗಿಂತ) ಒಳ್ಳೆಯ ಜಾಗವಿಲ್ಲ. ಉಪ್ಪು ಎಳೆಯುವುದನ್ನು ಕಣ್ಣಾರೆ ನೋಡಬೇಕಾದರೆ ಮಾತ್ರ ಬೇಸಿಗೆಗೇ ಹೋಗಬೇಕು. ಹಾಗಾದರೆ ಬೆಳಗಿನ ಆರಕ್ಕೆ ಹೊರಟು ಹತ್ತರೊಳಗೆ ನೆರಳು ಸೇರಬೇಕು, ತಲೆಗೆ ಮೂರು ಲೀಟರ್ ನೀರು. ಕಟ್ಟೆಯ ಮೇಲೆ ಒಬ್ಬೊಬ್ಬರಾಗಿ ನಡೆಯಿರಿ, ಬದು ಜರಿದರೆ ಪಾತಿಗೆ ಮಣ್ಣು ಬಿದ್ದು ಆ ಪಾತಿಯ ಉಪ್ಪು ಹಾಳು, ನಷ್ಟ ಆಗರದ ಕೆಲಸಗಾರನದು.