ಮೊಣಕಾಲೆತ್ತರದ ಹಾರಾಟ

ಡ್ರೋನನ್ನು ಮೇಲಕ್ಕೆ ಹಾರಿಸೋದು ಯಾರಿಗಾದರೂ ಬರುತ್ತದೆ. ರಿಮೋಟಿನ ಕಡ್ಡಿ ತಳ್ಳಿದರೆ ಆಯಿತು. 300 ಅಡಿ ಮೇಲೆ ಡಿಕ್ಕಿ ಹೊಡೆಯೋಕೆ ಹದ್ದು ಬಿಟ್ಟರೆ ಇನ್ನೇನಿದೆ? ಕಷ್ಟ ಇರೋದು ಕೆಳಗೆ. ನೆಲದಿಂದ ಮೂರಡಿ ಎತ್ತರದಲ್ಲಿ ನಾಯಿ ಇದೆ, ಕೋಳಿ ಇದೆ, ಬಟ್ಟೆ ಒಣಗಿಸೋ ತಂತಿ ಇದೆ. ನಮ್ಮ ದೊಡ್ಡಮ್ಮ ಇದ್ದಾರೆ.

ತೀರ್ಥಹಳ್ಳಿ ಕಡೆ ಇರುವ ದೊಡ್ಡಮ್ಮನ ಮನೆಯನ್ನು ಅಣ್ಣ, ಅಂದರೆ ದೊಡ್ಡಮ್ಮನ ಮಗ, ಹೋಂಸ್ಟೇ ಮಾಡಲು ಹೊರಟಿದ್ದ. ಅದಕ್ಕೊಂದು ವಿಡಿಯೊ ಬೇಕಿತ್ತು. ‘ಮೇಲಿಂದ ಹೆಂಚು ತೋರಿಸೋದು ಬೇಡ ಮಾರಾಯ, ಅದು ಎಲ್ಲರ ಹತ್ರಾನೂ ಇದೆ. ಅಂಗಳದಿಂದ ಶುರುವಾಗಿ ತೋಟಕ್ಕೆ ಹೋಗ್ಬೇಕು, ಬೆಕ್ಕು ನಡ್ಕೊಂಡು ಹೋದ ಹಾಗೆ ಇರ್ಬೇಕು’ ಅಂದ. ಇಪ್ಪತ್ತು ಸೆಕೆಂಡಿನ ವಿಡಿಯೊ. ನಾನು ಒಪ್ಪಿಕೊಂಡೆ. ಊಟ, ವಸತಿ ಉಚಿತ, ಕೂಲಿ ಇಲ್ಲ.

ನನ್ನದು 2021ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡ ಪುಟ್ಟ ಡ್ರೋನ್. ತೂಕ 249 ಗ್ರಾಂ. ಆ ಒಂದು ಗ್ರಾಂ ಸುಮ್ನೆ ಕಮ್ಮಿ ಮಾಡಿದ್ದಲ್ಲ. 250 ಗ್ರಾಂವರೆಗಿನದನ್ನು ನಮ್ಮ ಡ್ರೋನ್ ನಿಯಮದಲ್ಲಿ ನ್ಯಾನೊ ಅಂತಾರೆ, ಅದನ್ನು ಹಾರಿಸೋಕೆ ಪೈಲಟ್ ಸರ್ಟಿಫಿಕೇಟ್ ಬೇಡ. ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ತೆಗೆದು ನೋಡಿದೆ, ಅಣ್ಣನ ಮನೆ ಹಸಿರು ವಲಯ. 400 ಅಡಿವರೆಗೂ ಹಾರಬಹುದು. ನನಗೆ ಬೇಕಾಗಿದ್ದು ಮೂರೇ ಅಡಿ. ಸರ್ಕಾರದ ಕಡೆಯಿಂದ ಏನೂ ತಕರಾರು ಇರಲಿಲ್ಲ.

ಏಪ್ರಿಲ್ ತಿಂಗಳು. ಅಂಗಳದ ತುಂಬ ಹಲಸಿನ ಹಪ್ಪಳ. ದೊಡ್ಡಮ್ಮ ಹಿಂದಿನ ದಿನ ಬೆಳಿಗ್ಗೆಯಿಂದ ಕೂತು, ಹಲಸಿನ ಸೊಳೆ ಬೇಯಿಸಿ, ಒರಳಲ್ಲಿ ಕುಟ್ಟಿ, ಉಪ್ಪು, ಮೆಣಸು, ಜೀರಿಗೆ ಹಾಕಿ, ಉಂಡೆ ಕಟ್ಟಿ, ಒಂದೊಂದನ್ನೂ ಮಣೆಯಲ್ಲಿ ಒತ್ತಿ ದೊಡ್ಡಪ್ಪನ ಹಳೇ ಪಂಚೆಗಳ ಮೇಲೆ ಸಾಲಾಗಿ ಹರವಿದ್ದರು. 150 ಹಪ್ಪಳ. ಒಂದು ದಿನ ಬಿಸಿಲು ಕಂಡು ಬಣ್ಣ ತಿರುಗಿ, ಅಂಚು ಸ್ವಲ್ಪ ಮೇಲಕ್ಕೆದ್ದು, ಹಪ್ಪಳಗಳೆಲ್ಲ ಕಿವಿ ನಿಮಿರಿಸಿಕೊಂಡು ಕೂತ ಹಾಗೆ ಕಾಣುತ್ತಿದ್ದವು. ಎಳೆಬಿಸಿಲು ಓರೆಯಾಗಿ ಬಿದ್ದು ಒಂದೊಂದರ ಪಕ್ಕಕ್ಕೂ ಒಂದೊಂದು ಪುಟ್ಟ ನೆರಳು. ನನಗೆ ಬಾಯಲ್ಲಿ ನೀರು ಬಂತು. ತಿನ್ನೋ ಆಸೆಗಲ್ಲ, ಶಾಟ್ ಆಸೆಗೆ.

ಸಿನಿ ಮೋಡ್ ಹಾಕಿದೆ. ಇದರಲ್ಲಿ ಡ್ರೋನ್ ನಿಧಾನಕ್ಕೆ ಹೊರಟು ನಿಧಾನಕ್ಕೆ ನಿಲ್ಲುತ್ತದೆ, ಅದಕ್ಕೇ ಚಿತ್ರ ಬೆಣ್ಣೆ ಥರ ಬರುತ್ತದೆ. ಲೆನ್ಸಿಗೆ ಎನ್‌ಡಿ 16 ಫಿಲ್ಟರ್ ಹಾಕಿದೆ. ಅದು ಹದಿನಾರರಲ್ಲಿ ಒಂದು ಪಾಲು ಬೆಳಕನ್ನಷ್ಟೇ ಒಳಗೆ ಬಿಡುವ ಕಪ್ಪು ಗಾಜು. ಸೆಕೆಂಡಿಗೆ 25 ಫ್ರೇಮ್ ತೆಗೆಯುವಾಗ ಶಟರ್ 1/50 ಸೆಕೆಂಡು ತೆರೆದಿಟ್ಟರೆ ಓಟ ಕಣ್ಣಿಗೆ ಹಿತವಾಗಿರುತ್ತದೆ. ಮಲೆನಾಡಿನ ಬೇಸಿಗೆ ಬಿಸಿಲಲ್ಲಿ ಹಾಗೆ ಇಡಬೇಕಾದರೆ ಕ್ಯಾಮೆರಾಗೆ ಕೂಲಿಂಗ್ ಗ್ಲಾಸ್ ಬೇಕೇ ಬೇಕು. ಇಷ್ಟೆಲ್ಲ ಲೆಕ್ಕ ಹಾಕಿದವನು ಒಂದು ಲೆಕ್ಕ ಮರೆತೆ. 249 ಗ್ರಾಂ ಗಾಳಿಯಲ್ಲಿ ನಿಲ್ಲಬೇಕಾದರೆ ಅಷ್ಟು ಭಾರ ಎತ್ತುವಷ್ಟು ಗಾಳಿಯನ್ನು ಅದು ಕೆಳಕ್ಕೆ ನೂಕುತ್ತಲೇ ಇರಬೇಕು. ಕೆಳಗಿರುವ ಹಪ್ಪಳದ ತೂಕ ಎಷ್ಟು?

ಮೊದಲ ಸಾಲಿನ ಹಪ್ಪಳಗಳು ಎದ್ದು ನಿಂತವು. ಎರಡನೇ ಸಾಲಿನವು ಹಾರಿಯೇಬಿಟ್ಟವು. ಗಾಬರಿಯಲ್ಲಿ ಕಡ್ಡಿ ಬಿಟ್ಟೆ. ಬಿಟ್ಟ ಕೂಡಲೇ ನಿಲ್ಲಬೇಕಲ್ವಾ? ನಿಲ್ಲಲಿಲ್ಲ. ಸಿನಿ ಮೋಡ್, ನಾಜೂಕು ಜಾಸ್ತಿ, ಗಕ್ಕನೆ ನಿಲ್ಲೋದು ಅದರ ಜಾಯಮಾನದಲ್ಲೇ ಇಲ್ಲ. ಹಾಗೇ ತೇಲಿಕೊಂಡು, ಮೂರನೇ ಸಾಲು, ನಾಲ್ಕನೇ ಸಾಲು ಎಲ್ಲವನ್ನೂ ಎಬ್ಬಿಸಿ, ತುಳಸಿಕಟ್ಟೆ ಹತ್ತಿರ ಸಮಾಧಾನದಿಂದ ನಿಂತಿತು. ನಾಯಿ ಒಂದು ಹಪ್ಪಳ ಕಚ್ಚಿಕೊಂಡು ಕೊಟ್ಟಿಗೆ ಕಡೆ ಓಡಿತು. ಸದ್ದು ಕೇಳಿ ಹೆಜ್ಜೇನು ಎದ್ದಿದೆ ಅಂದುಕೊಂಡ ದೊಡ್ಡಮ್ಮ ತಲೆ ಮೇಲೆ ಕಂಬಳಿ ಹಾಕಿಕೊಂಡೇ ಹೊರಗೆ ಬಂದರು. ಕಂಬಳಿ ಸರಿಸಿ ಅಂಗಳ ನೋಡಿದರು. ಆಮೇಲೆ ನನ್ನನ್ನು.

‘ಎಂತದು ಮಾರಾಯ ಇದು?’

‘ಡ್ರೋನು ದೊಡ್ಡಮ್ಮ.’

‘ನಾ ಕೇಳಿದ್ದು ಇದು’ ಅಂತ ಮಣ್ಣಲ್ಲಿ ಮಗುಚಿ ಬಿದ್ದ ಹಪ್ಪಳ ತೋರಿಸಿದರು.

ಒಂದು ಗಂಟೆ ಹಪ್ಪಳ ಹೆಕ್ಕಿದೆ. ಹಸಿ ಬದಿ ಕೆಳಗಾಗಿ ಬಿದ್ದವಕ್ಕೆ ಮಣ್ಣು ಎಷ್ಟು ಚೆನ್ನಾಗಿ ಅಂಟಿತ್ತೆಂದರೆ ಒರೆಸಿದರೆ ಹಪ್ಪಳವೇ ಬರುತ್ತಿತ್ತು.

ಮಧ್ಯಾಹ್ನ ಅಂಗಳದ ಆಸೆ ಬಿಟ್ಟು ಗದ್ದೆಯಿಂದ ಮನೆ ಕಡೆಗೆ ಬರುವ ಶಾಟ್ ತೆಗೆಯೋಣ ಅಂದುಕೊಂಡೆವು. ಪರದೆ ಮೇಲೆ ಎತ್ತರ 1.5 ಮೀಟರ್ ಅಂತ ತೋರಿಸುತ್ತಿತ್ತು, ನಾನು ನಿಶ್ಚಿಂತೆಯಿಂದ ಇದ್ದೆ. ಆ ಅಂಕಿ ನೆಲದಿಂದ ಎಷ್ಟು ಎತ್ತರ ಅನ್ನೋದಲ್ಲ, ಹೊರಟ ಜಾಗದಿಂದ ಎಷ್ಟು ಎತ್ತರ ಅನ್ನೋದು. ಬಯಲುಸೀಮೆಯಲ್ಲಿ ಎರಡೂ ಒಂದೇ. ಮಲೆನಾಡಲ್ಲಿ ನೆಲ ಹೇಳದೆ ಕೇಳದೆ ಮೇಲಕ್ಕೆ ಬರುತ್ತದೆ. ಮನೆ ಹಿಂದಿನ ಧರೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆ, ಹತ್ತಿರ ಬಂದಾಗ ಪರದೆ ತುಂಬ ಕೆಂಪು ಮಣ್ಣು ಕಂಡಿತು. ‘ಕ್ಲೋಸಪ್ ಚೆನ್ನಾಗಿದೆ’ ಅಂದ ಅಣ್ಣ. ಅಷ್ಟರಲ್ಲಿ ನನ್ನ ಡ್ರೋನಿಗೆ ಮುಂದಕ್ಕೆ ಕಣ್ಣಿಲ್ಲ, ಕೆಳಗೆ ಮಾತ್ರ ಇದೆ ಅನ್ನೋದು ನೆನಪಾಗಿ ಮೇಲಕ್ಕೆ ಎಳೆದೆ. ಒಂದು ಹಿಡಿ ಜರಿಗಿಡ ಕತ್ತರಿಸಿಕೊಂಡು ಪಾರಾಯಿತು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ತೋಟ ಬಾಕಿ ಇತ್ತಲ್ಲ.

ಅಡಿಕೆ ತೋಟದ ಒಳಗೆ, ಎರಡು ಸಾಲು ಮರಗಳ ನಡುವೆ, ಬಸಿಗಾಲುವೆ ಮೇಲೆ ಸೊಂಟದೆತ್ತರಕ್ಕೆ ಹೋಗುವ ಶಾಟ್ ಇದೆಯಲ್ಲ, ಅದು ನಿಜಕ್ಕೂ ಚೆಂದ. ಎರಡೂ ಕಡೆ ಕಾಳುಮೆಣಸಿನ ಬಳ್ಳಿ ಹಬ್ಬಿದ ಮರಗಳು ಕಂಬಗಳ ಹಾಗೆ ಹಿಂದಕ್ಕೆ ಸರಿಯುತ್ತವೆ, ಮೇಲೆ ಸೋಗೆ ಸಂದಿಯಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬೀಳುತ್ತದೆ. ಎನ್‌ಡಿ ಫಿಲ್ಟರ್ ತೆಗೆಯೋದು ಮರೆತು ಮೊದಲ ಮೂರು ಟೇಕ್ ಅಮಾವಾಸ್ಯೆ ಆದವು. ನಾಲ್ಕನೆಯದು ಸರಿಯಾಗಿ ಬರುತ್ತಿತ್ತು. ಅರವತ್ತು ಮೀಟರ್ ದೂರ ಹೋಗಿದೆ, ಒಂದು ಚೂರೂ ಅಲುಗಿಲ್ಲ, ನಾನು ಉಸಿರು ಬಿಗಿಹಿಡಿದಿದ್ದೇನೆ.

ಆಗ ಫೋನ್ ಬಂತು.

ಆ ಊರಲ್ಲಿ ನೆಟ್‌ವರ್ಕ್ ಸಿಗೋದು ತೋಟದ ಒಂದು ಮೂಲೆಯಲ್ಲಿ ಮಾತ್ರ. ನಾನು ನಿಂತಿದ್ದು ಅದೇ ಮೂಲೆಯಲ್ಲಿ. ಡ್ರೋನ್ ಪರದೆ ಅಂದರೆ ನನ್ನ ಫೋನೇ, ಅದನ್ನು ಏರೋಪ್ಲೇನ್ ಮೋಡಿಗೆ ಹಾಕಬೇಕು ಅಂತ ಗೊತ್ತಿರುವವನೂ ನಾನೇ. ‘ಸರ್, ಪರ್ಸನಲ್ ಲೋನ್ ಬೇಕಿತ್ತಾ?’ ಅವರಿಗೆ ಬೇಡ ಅಂತ ಹೇಳಿ ಮುಗಿಸೋ ಹೊತ್ತಿಗೆ ಬ್ಯಾಟರಿ ಕಮ್ಮಿಯಾಗಿದೆ, ಹತ್ತು ಸೆಕೆಂಡಲ್ಲಿ ವಾಪಸ್ ಹೊರಡ್ತೀನಿ ಅಂತ ಡ್ರೋನ್ ಕೊಟ್ಟ ಎಚ್ಚರಿಕೆ ಬಂದು ಹೋಗಿತ್ತು. ಈ ವಾಪಸ್ ಬರುವ ಬುದ್ಧಿ ಹೇಗೆ ಅಂದರೆ, ಅದು ಬಂದ ದಾರಿಯಲ್ಲಿ ಬರೋದಿಲ್ಲ. ಮೊದಲು ನಾವು ಹೇಳಿಟ್ಟ ಎತ್ತರಕ್ಕೆ ಏರುತ್ತದೆ, ಆಮೇಲೆ ನೇರ ಹೊರಟ ಜಾಗಕ್ಕೆ. ನಾನು ಹೇಳಿಟ್ಟಿದ್ದು 20 ಮೀಟರ್. ನೆಲಕ್ಕೂ ಇಪ್ಪತ್ತು ಮೀಟರಿಗೂ ನಡುವೆ ಅಡಿಕೆ ಸೋಗೆ ಇತ್ತು.

ಚರ್ ಅಂತ ಒಂದು ಸದ್ದು. ಆಮೇಲೆ ತೋಟ ಮೊದಲಿನಷ್ಟೇ ಶಾಂತ.

ಹತ್ತು ನಿಮಿಷದಲ್ಲಿ ಮರದ ಬುಡದಲ್ಲಿ ಅರ್ಧ ಊರು ಸೇರಿತು. ಈ ತೋಟದ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುವ ಕೊನೆಗೌಡರೂ ಬಂದರು. ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿ, ‘ಕೊಯ್ಲಿಗೆ ಬಂದಿದೆ’ ಅಂದರು. ಅಣ್ಣ ಜಗಲಿಯಿಂದ ಫೈಬರ್ ದೋಟಿ ತಂದ. ಈಗೀಗ ಮರ ಹತ್ತದೆ ಕೆಳಗಿಂದಲೇ ಕೊನೆ ತೆಗೆಯುವ ಉದ್ದ ಕೋಲು ಅದು, ಒಂದರೊಳಗೊಂದು ಕೊಳವೆ ಎಳೆದು ಉದ್ದ ಮಾಡೋದು. ಕೆಳಗೆ ಹಿಡಿಯೋಕೆ ಬಟ್ಟೆ ಬೇಕಿತ್ತು. ಬೆಳಿಗ್ಗೆ ಹಪ್ಪಳ ಇದ್ದ ಪಂಚೆಯನ್ನೇ ನಾಲ್ಕು ಜನ ನಾಲ್ಕು ಮೂಲೆ ಹಿಡಿದು ನಿಂತೆವು. ಕೊನೆಗೌಡರು ಒಂದೇ ಒಂದು ಸಲ ಕೊಕ್ಕೆ ಹಾಕಿ ಎಳೆದರು. ಡ್ರೋನ್, ಅರ್ಧ ಸೋಗೆ, ಒಂದಿಷ್ಟು ಕೆಂಪಿರುವೆ ಎಲ್ಲ ಒಟ್ಟಿಗೆ ಪಂಚೆಗೆ ಬಿತ್ತು. ಇರುವೆಗಳು ಪಂಚೆಯಲ್ಲಿ ಉಳಿಯಲಿಲ್ಲ.

ಎರಡು ರೆಕ್ಕೆ ಮುರಿದಿದ್ದವು, ಒಂದು ತೋಳು ಸೊಟ್ಟಗಾಗಿತ್ತು. ಇನ್ನು ಹಾರೋದಿಲ್ಲ. ಬೇರೆ ಬ್ಯಾಟರಿ ಹಾಕಿ ಒತ್ತಿದೆ. ಕ್ಯಾಮೆರಾ ತಲೆ ಅಲ್ಲಾಡಿಸಿ, ನೇರ ಮಾಡಿಕೊಂಡು, ಏನೂ ಆಗದ ಹಾಗೆ ನನ್ನ ಕಡೆ ನೋಡಿತು. ಜಿಂಬಲ್ ಬದುಕಿತ್ತು! ಕ್ಯಾಮೆರಾವನ್ನು ಮೂರು ದಿಕ್ಕಿನಲ್ಲಿ ಹಿಡಿದು ಅಲುಗದ ಹಾಗೆ ನೋಡಿಕೊಳ್ಳೋದು ಅದೇ. ಅದು ಕೆಲಸ ಮಾಡೋಕೆ ಡ್ರೋನ್ ಹಾರಲೇಬೇಕು ಅಂತೇನಿಲ್ಲ.

ಮಾರನೇ ದಿನ ಬೆಳಿಗ್ಗೆ ಡ್ರೋನನ್ನು ಅಂಗೈಯಲ್ಲಿ ಹಿಡಿದುಕೊಂಡು, ಮೊಣಕಾಲು ಮಡಚಿ, ಬಾತುಕೋಳಿ ಥರ ಬಗ್ಗಿಕೊಂಡು ಅಂಗಳದಿಂದ ತೋಟದವರೆಗೆ ನಡೆದೆ. ಹಪ್ಪಳದ ಸಾಲಿನ ಪಕ್ಕದಲ್ಲೇ ಹೋದೆ, ಒಂದೂ ಅಲುಗಲಿಲ್ಲ. ತುಳಸಿಕಟ್ಟೆ ಸುತ್ತಿ, ಕಾಲುಸಂಕ ದಾಟಿ, ಅಡಿಕೆ ಸಾಲಿನೊಳಗೆ ಹೊಕ್ಕೆ. ಮೂರನೇ ಸಲಕ್ಕೆ ಇಪ್ಪತ್ತು ಸೆಕೆಂಡು ಸಿಕ್ಕಿತು, ಸೊಂಟ ಹೋಯಿತು. ವಿಡಿಯೊ ನೋಡಿದ ಅಣ್ಣನ ಗೆಳೆಯರೆಲ್ಲ ‘ಡ್ರೋನ್ ಶಾಟ್ ಭರ್ಜರಿ, ಯಾರಪ್ಪ ಪೈಲಟ್ಟು’ ಅಂತ ಕೇಳುತ್ತಿದ್ದರು. ಅಣ್ಣ ಏನೂ ಹೇಳದೆ ನಗುತ್ತಿದ್ದ. ಬಗ್ಗಿಕೊಂಡು ನಡೆಯುವ ನನ್ನನ್ನು ಜಗಲಿಯಿಂದ ಅವನೂ ವಿಡಿಯೊ ಮಾಡಿಕೊಂಡಿದ್ದ ಅನ್ನೋದು ಆಮೇಲೆ ಗೊತ್ತಾಯಿತು. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಓಡಿದ್ದು ಅದೇ.

ಊರಿಗೆ ಹೊರಡುವ ದಿನ ದೊಡ್ಡಮ್ಮ ಎಲ್ಲರಿಗೂ ಹಪ್ಪಳ ಕರಿದರು. ಎಲ್ಲರಿಗೂ ದೊಡ್ಡ ಡಬ್ಬಿಯಿಂದ. ನನಗೆ ಮಾತ್ರ ಮೂಲೆಯಲ್ಲಿದ್ದ ಇನ್ನೊಂದು ಡಬ್ಬಿಯಿಂದ. ‘ನಿಂಗೇ ಅಂತ ತೆಗ್ದಿಟ್ಟಿದ್ದೆ’ ಅಂದರು. ಕಚ್ಚಿದೆ. ಕರ್ ಅಂತು. ಹಪ್ಪಳದ ಕರ್ ಅಲ್ಲ ಅದು. ಪಕ್ಕದಲ್ಲೇ ಕೂತು ಅವರು ನನ್ನನ್ನೇ ನೋಡುತ್ತಿದ್ದರು, ನುಂಗಿದೆ.