ವರಮಹಾಲಕ್ಷ್ಮಿ ವ್ರತ: ಒಬ್ಬರೇ ಕೂತು ಮಾಡುವ ಸಾಧನೆ ಆಗಬಹುದೇ?

ಪರ: ಒಂಬತ್ತು ಗಂಟು ಸಾಕು

ಶ್ರಾವಣದ ಹುಣ್ಣಿಮೆಗೆ ಮುಂಚಿನ ಶುಕ್ರವಾರ ಹತ್ತಿರ ಬಂತೆಂದರೆ ಮಾತೆಲ್ಲ ಸೀರೆ, ಬೆಳ್ಳಿ ಮುಖವಾಡ, ಕನಕಾಂಬರದ ಬೆಲೆಯದ್ದೇ. ಬಾಳೆಕಂದು ಕಟ್ಟಿ, ಅಡುಗೆ ಮುಗಿಸಿ, ಬಂದವರಿಗೆಲ್ಲ ಅರಿಶಿನ ಕುಂಕುಮ ಕೊಟ್ಟು ರಾತ್ರಿ ಹತ್ತಕ್ಕೆ ಸೊಂಟ ಹಿಡಿದುಕೊಂಡು ಮಲಗುವ ಗೃಹಿಣಿ ಅಂದು ದೇವಿಯ ಮುಂದೆ ಸುಮ್ಮನೆ ಕೂತಿದ್ದು ಎಷ್ಟು ಹೊತ್ತು? ಹಬ್ಬದ ಗಲಾಟೆಯಲ್ಲಿ ಎರಡೇ ನಿಮಿಷಕ್ಕೆ ಮುಗಿದುಹೋಗುವ ದೋರಗ್ರಂಥಿ ಪೂಜೆಯಲ್ಲೇ ಈ ವ್ರತದ ತಿರುಳಿದೆ. ಅದನ್ನು ಮಾಡಲು ಒಬ್ಬರೇ ಸಾಕು.

ದೋರ ಅಂದರೆ ಒಂಬತ್ತು ಎಳೆಯ ಹತ್ತಿ ನೂಲು, ಒಂಬತ್ತು ಗಂಟು. ಗುರುವಾರ ಸಂಜೆಯೇ ಸಿದ್ಧ ಮಾಡಿಕೊಳ್ಳಬೇಕು. ಒಂದೂವರೆ ಮೊಳದಷ್ಟು ಉದ್ದ ಇರಲಿ; ಪ್ರತಿ ಗಂಟೂ ನೂಲನ್ನು ತಿನ್ನುತ್ತದೆ, ಅಳತೆ ಬಿಗಿಯಾದರೆ ಕೊನೆಗೆ ಮಣಿಕಟ್ಟಿಗೆ ಸಾಲುವುದಿಲ್ಲ. ಗಂಟು ಹಾಕಿದ ಮೇಲೆ ಅರಿಶಿನದ ನೀರಿಗೆ ಅದ್ದಿದರೆ ಗಂಟಿನ ಒಳಗೆ ಬಿಳಿ ಉಳಿಯುತ್ತದೆ. ಮೊದಲು ಅದ್ದಿ, ಅರೆ ಒಣಗಿದ ಮೇಲೆ ಗಂಟು ಹಾಕಿ. ಪೂರ್ತಿ ಒದ್ದೆ ಇದ್ದಾಗ ಎಳೆದರೆ ಗಂಟು ಕಲ್ಲಾಗಿಬಿಡುತ್ತದೆ, ತಪ್ಪಾದರೆ ಬಿಚ್ಚಲು ಬರುವುದಿಲ್ಲ.

ಒಂದೊಂದು ಗಂಟಿಗೆ ಒಂದೊಂದು ಹೆಸರು. ಕಮಲಾಯೈ ನಮಃ, ರಮಾಯೈ ನಮಃ, ಲೋಕಮಾತ್ರೇ ನಮಃ ಎಂದು ಸಾಗಿ ಒಂಬತ್ತನೆಯದಕ್ಕೆ ವರಲಕ್ಷ್ಮಿಗೆ ಬರುತ್ತದೆ. ಹಬ್ಬದ ಮನೆಯಲ್ಲಿ ಇವನ್ನು ಒಂದೇ ಉಸಿರಿಗೆ ಹೇಳಿ ಅಕ್ಷತೆ ಹಾಕುತ್ತಾರೆ. ಒಬ್ಬರೇ ಕೂತಾಗ ಪ್ರತಿ ಗಂಟನ್ನು ಬೆರಳಲ್ಲಿ ಹಿಡಿದು ಅದೇ ಹೆಸರನ್ನು ಹನ್ನೆರಡು ಸಲ ನಿಧಾನವಾಗಿ ಹೇಳಿ. ಒಂಬತ್ತು ಹನ್ನೆರಡಲಿ ನೂರೆಂಟು; ಜಪಮಾಲೆಯ ಲೆಕ್ಕ ದೋರದಲ್ಲೇ ಮುಗಿಯಿತು. ಮುಂದಿನ ಒಂಬತ್ತು ಶುಕ್ರವಾರ ಇದನ್ನೇ ಮುಂದುವರಿಸಬಹುದು, ವಾರಕ್ಕೊಂದು ಹೆಸರಿನಂತೆ. ವರ್ಷಕ್ಕೊಮ್ಮೆ ಬಂದು ಹೋಗುವ ದೇವಿ ಹೀಗೆ ಮನೆಯಲ್ಲೇ ಉಳಿಯುತ್ತಾಳೆ.

ಹದಿನಾರು ಉಪಚಾರ ಆಗದಿದ್ದರೆ ಶಾಸ್ತ್ರವೇ ಐದಕ್ಕೆ ಒಪ್ಪಿದೆ: ಗಂಧ, ಹೂವು, ಧೂಪ, ದೀಪ, ನೈವೇದ್ಯ. ಒಂದು ಬಾಳೆಹಣ್ಣು, ಇಲ್ಲವೇ ಸಕ್ಕರೆ ಹಾಕಿದ ಒಂದು ಲೋಟ ಹಾಲು ಸಾಕು. ಬೆಂಕಿ ಹಚ್ಚಲು ಬಿಡದ ಹಾಸ್ಟೆಲ್ಲಿನಲ್ಲೋ ಪರದೇಶದ ಬಾಡಿಗೆ ಕೋಣೆಯಲ್ಲೋ ಇದ್ದರೆ ಮಾನಸ ಪೂಜೆ ಇದೆಯಲ್ಲ: ‘ಲಂ’ ಎಂದು ಭೂಮಿಯನ್ನು ಗಂಧವಾಗಿ, ‘ಹಂ’ ಎಂದು ಆಕಾಶವನ್ನು ಹೂವಾಗಿ, ‘ಯಂ’ ಎಂದು ಗಾಳಿಯನ್ನು ಧೂಪವಾಗಿ, ‘ರಂ’ ಎಂದು ಬೆಂಕಿಯನ್ನು ದೀಪವಾಗಿ, ‘ವಂ’ ಎಂದು ಅಮೃತವನ್ನು ನೈವೇದ್ಯವಾಗಿ ಅರ್ಪಿಸುವುದು. ಇದೇನು ಹೊಸದಾಗಿ ಹುಟ್ಟಿದ ಅಡ್ಡದಾರಿಯಲ್ಲ.

ಹೀಗೆ ಶುರುಮಾಡಿದವರು ಎಡವುವುದು ಸಾಮಾನ್ಯವಾಗಿ ಒಂದೇ ಕಡೆ. ಮೊದಲ ವಾರವೇ ಅಷ್ಟೋತ್ತರ, ಶ್ರೀಸೂಕ್ತ, ಉಪವಾಸ ಎಲ್ಲ ಸೇರಿಸಿಕೊಂಡು ಮೂರನೇ ವಾರಕ್ಕೆ ಕೈಬಿಡುತ್ತಾರೆ. ಸ್ವಲ್ಪವೇ ಎಣ್ಣೆ ಹಾಕಿ ದೀಪ ಹಚ್ಚಿ, ಅದು ತಾನಾಗಿ ಶಾಂತವಾಗುವವರೆಗೆ ಕೂರುವುದಷ್ಟನ್ನೇ ನಿಯಮ ಮಾಡಿಕೊಂಡರೆ ತಪ್ಪುವುದಿಲ್ಲ.

ಗಂಡ ತೀರಿಕೊಂಡ ಹೆಣ್ಣುಮಕ್ಕಳ ಮಾತನ್ನಂತೂ ಹೇಳಲೇಬೇಕು. ಇಂದಿಗೂ ಎಷ್ಟೋ ಮನೆಗಳಲ್ಲಿ ಆಕೆ ಹಬ್ಬದ ಅಡುಗೆಗೆ ಬೇಕು, ಅರಿಶಿನ ಕುಂಕುಮಕ್ಕೆ ಬೇಡ. ಲೋಕಮಾತೆ ಎಂದು ಕರೆದ ಬಾಯಲ್ಲೇ ‘ನೀನು ಆ ಕಡೆ ಇರಮ್ಮ’ ಅನ್ನುತ್ತಾರೆ. ತನ್ನ ಕೋಣೆಯಲ್ಲಿ ದೋರ ಹಿಡಿದು ಕೂರಲು ಆಕೆಗೆ ಯಾರ ಅಪ್ಪಣೆಯೂ ಬೇಡ. ‘ಹತ್ತು ಜನ ಸೇರಿದರೇ ವ್ರತ’ ಅನ್ನುವವರು ಕೊನೆಗೆ ವಿಚಾರಿಸುವುದು ಮುಖವಾಡ ಎಷ್ಟು ತೊಲ ಅಂತಲೇ.

ವಿರೋಧ: ಚಾರುಮತಿ ಒಬ್ಬಳೇ ಕೂರಲಿಲ್ಲ

ಒಂಟಿಯಾಗಿರುವವರು ದೀಪ ಹಚ್ಚಿ ಜಪ ಮಾಡುವುದನ್ನು ಬೇಡ ಎನ್ನಲು ನನಗೂ ಮನಸ್ಸಿಲ್ಲ. ಆದರೆ ಅದನ್ನು ವರಮಹಾಲಕ್ಷ್ಮಿ ವ್ರತ ಎಂದು ಕರೆಯುವುದು ಸರಿಯಲ್ಲ. ಶಿವ ಪಾರ್ವತಿಗೆ ಹೇಳಿದ ಕಥೆಯಲ್ಲಿ ಮಗಧ ದೇಶದ ಕುಂಡಿನಪುರದ ಚಾರುಮತಿಗೆ ಕನಸು ಬಿದ್ದಾಗ ಅವಳು ಗಂಡನಿಗೆ ಹೇಳಿದಳು, ಅತ್ತೆ ಮಾವನಿಗೆ ಹೇಳಿದಳು, ಊರ ಹೆಂಗಸರನ್ನು ಕರೆದಳು. ಕನಸು ಒಬ್ಬಳದು, ಪೂಜೆ ಎಲ್ಲರದು. ದೋರ ಕಟ್ಟುವ ಮಂತ್ರ ಕೂಡ ‘ಪುತ್ರಪೌತ್ರಾಭಿವೃದ್ಧಿ’ ಕೇಳುತ್ತದೆ. ಇದು ಸಂಸಾರದ ನಡುವೆ ಕೂತು ಮಾಡುವ ವ್ರತ.

ಕಲಶವನ್ನೇ ನೋಡಿ. ಚೊಂಬಿಗೆ ಮುಕ್ಕಾಲು ಭಾಗ ಅಕ್ಕಿ, ಒಳಗೆ ಅಡಿಕೆ, ಅರಿಶಿನದ ಕೊನೆ, ಉತ್ತುತ್ತೆ, ನಾಣ್ಯ. ಬಾಯಿಗೆ ಐದು ವೀಳ್ಯದೆಲೆ, ಮೇಲೆ ಜುಟ್ಟಿರುವ ತೆಂಗಿನಕಾಯಿ. ಕಾಯಿ ಸಣ್ಣದಾದರೆ ಒಳಗೆ ಕುಸಿಯುತ್ತದೆ, ದೊಡ್ಡದಾದರೆ ವಾಲುತ್ತದೆ. ಸೀರೆ ಉಡಿಸಲು ಚೊಂಬಿನ ಕತ್ತಿಗೆ ಅಡ್ಡಕಡ್ಡಿ ಕಟ್ಟಬೇಕು. ಒಬ್ಬರು ನೆರಿಗೆ ಹಿಡಿದರೆ ಇನ್ನೊಬ್ಬರು ದಾರ ಸುತ್ತಬೇಕು. ಒಬ್ಬರೇ ಮಾಡಹೊರಟರೆ ಸೆರಗಿನ ಭಾರಕ್ಕೆ ಕಲಶ ಹಿಂದಕ್ಕೆ ಬೀಳುತ್ತದೆ. ಮುಂದೆ ದೀಪ ಉರಿಯುತ್ತಿರುವಾಗ ಗಾಳಿಗೆ ಹಾರುವ ಸೆರಗಿನ ಮೇಲೂ ಒಬ್ಬರ ಕಣ್ಣಿರಬೇಕು. ಶನಿವಾರ ಪುನಃಪೂಜೆ ಮಾಡಿ, ಕಲಶವನ್ನು ಸ್ವಲ್ಪ ಉತ್ತರಕ್ಕೆ ಕದಲಿಸಿದ ಮೇಲೆ ಆ ಅಕ್ಕಿ ಪಾಯಸವಾಗುತ್ತದೆ, ಆ ಕಾಯಿ ಕೊಬ್ಬರಿ ಮಿಠಾಯಿಯಾಗುತ್ತದೆ. ಅದನ್ನೆಲ್ಲ ಹಂಚಿ ತಿನ್ನಲು ಜನ ಬೇಡವೇ?

ದುಂದುವೆಚ್ಚ ಹೆಚ್ಚಾಗಿದೆ, ನಿಜ. ಅದಕ್ಕೆ ಸಣ್ಣ ಚೊಂಬು, ಒಂದು ರವಿಕೆ ಕಣ, ಮನೆಯಂಗಳದ ದಾಸವಾಳ ಸಾಕು. ಖರ್ಚು ಕಡಿಮೆ ಮಾಡಬೇಕೆಂದರೆ ಜನರನ್ನೇ ಕಡಿಮೆ ಮಾಡಬೇಕಿಲ್ಲ. ವಿಧವೆಯರನ್ನು ದೂರ ಇಡುವುದು ಜನರ ಅಭ್ಯಾಸ, ವ್ರತ ಹೇಳಿಕೊಟ್ಟದ್ದಲ್ಲ. ಆ ಚರ್ಚೆಯೇ ಬೇರೆ.

ತಾಂಬೂಲಕ್ಕೆ ಎರಡು ವೀಳ್ಯದೆಲೆ, ಎರಡು ಅಡಿಕೆ, ಒಂದು ಹಣ್ಣು, ಒಂದು ಮೊಳ ಹೂವು ಆದರೆ ಆಯಿತು. ಪಕ್ಕದ ಮನೆಯವರನ್ನು ಕರೆಯಲು ಅಷ್ಟು ಸಾಲದೇ? ಮೊದಲೇ ಗುರುತಿಲ್ಲದಿದ್ದರೆ ಅದೇ ನೆಪವಾಗುತ್ತದೆ. ಜಪವನ್ನು ಒಬ್ಬರೇ ಮಾಡಲಿ, ಆದರೆ ದೋರ ಕಟ್ಟಿಸಿಕೊಳ್ಳಲಾದರೂ ಯಾರನ್ನಾದರೂ ಕರೆಯಲಿ. ದೋರ ಬಲಗೈಗೆ ಕಟ್ಟುವಂಥದ್ದು, ಎಡಗೈ ಒಂದರಿಂದಲೇ ಹಾಕಿದ ಗಂಟು ಸಂಜೆಯೊಳಗೆ ಸಡಿಲವಾಗುತ್ತದೆ.